ಬಿಸಿಯಲ್ಲಿ ಮುಚ್ಚಿದ ನುಚ್ಚು

ಹೆಂಡತಿ ತೀರಿಕೊಂಡ ಮೇಲೆ ರಾಚಪ್ಪ ಹೊಳೆದಂಡೆಯ ಆಶ್ರಮಕ್ಕೆ ಬಂದು ಅಲ್ಲಿಯ ಗುರು ನೀಲವ್ವನ ಶಿಷ್ಯನಾದ. ಯಾರ ಜೊತೆಗೂ ಮಾತು ಬೇಡ, ಪಂಕ್ತಿಯ ಊಟವೂ ಬೇಡ ಎಂದು ದೂರದ ಗುಡಿಸಲೊಂದನ್ನು ಕೇಳಿ ಪಡೆದ.

ನೀಲವ್ವ ಬೇಡ ಅನ್ನಲಿಲ್ಲ. ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಜೋಳದ ನುಚ್ಚು ತುಂಬಿ, ತಾನೇ ಒಯ್ದು ಅವನ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು.

ಎಂಟು ತಿಂಗಳು ಹೀಗೇ ನಡೆಯಿತು. ಸಂಜೆ ಅವನು ಆ ತಣ್ಣನೆಯ ನುಚ್ಚನ್ನು ಗೋಡೆ ನೋಡುತ್ತ ತಿನ್ನುತ್ತಿದ್ದ. ಏಕಾಂತ ಬೇಕೆಂದವನಿಗೆ ಸಿಕ್ಕಿದ್ದು ಬರೀ ಒಂಟಿತನ. ಅದನ್ನು ಹೇಳಿಕೊಳ್ಳಲು ಅವನು ಯಾರನ್ನೂ ಉಳಿಸಿಕೊಂಡಿರಲಿಲ್ಲ.

ಒಂದು ಸಂಜೆ ಡಬ್ಬಿಯ ಮುಚ್ಚಳ ಬರಲಿಲ್ಲ. ಎಳೆದ, ತಟ್ಟಿದ, ಚಮಚದ ಹಿಡಿಯಿಂದ ಮೀಟಿದ. ಅದು ಜಪ್ಪಯ್ಯ ಅನ್ನಲಿಲ್ಲ. ಹಟಮಾರಿ ಉಪವಾಸ ಮಲಗಿದ.

ಮರುದಿನ ಬಂದ ಡಬ್ಬಿಯದೂ ಅದೇ ಪಾಡು. ಹೊಟ್ಟೆ ತಾಳ ಹಾಕತೊಡಗಿದಾಗ ಯಾರ ಜೊತೆಗೂ ಮಾತು ಬೇಡವೆಂಬ ವ್ರತ ಬದಿಗಿಟ್ಟು, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ನಡೆದ.

ಒಲೆಯ ಮುಂದೆ ನೀಲವ್ವ ಒಬ್ಬಳೇ ಇದ್ದಳು.

"ಯವ್ವಾ, ಇಷ್ಟು ಬಿಗಿ ಯಾರು ಮುಚ್ಚ್ಯಾರ?"

"ನಾನ. ಎರಡು ಬೆರಳಿಲೆ ಮುಚ್ಚೀನಿ."

ಅವನು ನಂಬಲಿಲ್ಲ. ನೀಲವ್ವ ಬಿಸಿನೀರಿನ ಬೋಗುಣಿಯಲ್ಲಿ ಡಬ್ಬಿ ಇಟ್ಟು, ಪಕ್ಕದಲ್ಲಿ ಕೂಡು ಎಂದಳು. ಇಷ್ಟು ದಿನ ನುಚ್ಚಿನ ಹಬೆ ಆರಿಸಿ ಮುಚ್ಚುತ್ತಿದ್ದಳಂತೆ, ಈಗೆರಡು ದಿನ ಕುದಿಯುವಾಗಲೇ ಮುಚ್ಚಿದ್ದಳಂತೆ. ಆರಿದ ಮೇಲೆ ಹಬೆ ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಆಗ ಹೊರಗಿನ ಗಾಳಿಯೇ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ ಎಂದು ವಿವರಿಸಿದಳು. ಮತ್ತೆ ಬಿಸಿಯಾದರೆ ತಾನೇ ಬಿಡುತ್ತದೆ, ಅಲ್ಲಿಯತನಕ ಕಾಯಬೇಕು ಅಷ್ಟೆ.

ಇಬ್ಬರೂ ಕಾದರು. ಸುಮ್ಮನೆ ಕೂತಿರಲಾರದೆ ರಾಚಪ್ಪ ಹೆಂಡತಿಯ ಮಾತು ತೆಗೆದ. ಆರಿದ ಅನ್ನ ಅವಳು ಎಂದೂ ಬಡಿಸಿದವಳಲ್ಲ, ಅವನು ಬರುವತನಕ ತಾನೂ ಉಣ್ಣುತ್ತಿರಲಿಲ್ಲ ಎಂದ.

"ಒಬ್ಬನ ಉಣ್ಣಾಕ ಆಗವಲ್ದು, ಯವ್ವಾ."

ಅವನು ಬಹಳ ಹೊತ್ತು ಅತ್ತ. ನೀಲವ್ವ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಮುಚ್ಚಳ ಸಡಿಲಾಯಿತು. ಅವಳು ಎರಡು ತಟ್ಟೆಗೆ ಬಡಿಸಿದಳು. ಇಬ್ಬರೂ ಉಂಡರು.

ಏಳುವಾಗ ರಾಚಪ್ಪನಿಗೆ ನಾಚಿಕೆಯಾಯಿತು.

"ನಾಳಿಂದ ಹಬೆ ಆರಿಸೇ ಮುಚ್ಚರಿ, ಯವ್ವಾ. ನಾ ಬಂದು ನಿಮಗ ಸುಮ್ನ ತ್ರಾಸು."

ನೀಲವ್ವ ತಟ್ಟೆ ತೊಳೆಯುತ್ತ ಹೇಳಿದಳು:

"ನಾಳೆನೂ ಬಿಸಿ ಇದ್ದಾಗನ ಮುಚ್ಚತೀನಿ, ರಾಚಪ್ಪ."