ಕಡವೆಯ ಹೊಸ ಕೊಂಬು

ಹೊಳೆದಂಡೆಯ ಆಶ್ರಮದಲ್ಲಿ ಇಪ್ಪತ್ತು ವರ್ಷ ಬೆಳಗಿನ ಪದ ಎತ್ತುತ್ತಿದ್ದವನು ಕೊಟ್ರಯ್ಯ. ಅವನು ಮೊದಲ ಸಾಲು ಹಾಡಿದ ಮೇಲೆಯೇ ಉಳಿದವರು ದನಿಗೂಡಿಸುವುದು ಅಲ್ಲಿನ ಪದ್ಧತಿ.

ಯುಗಾದಿಯ ಹೊತ್ತಿಗೆ ಅವನಿಗೆ ಜ್ವರ ಬಂತು. ಹೋಗುವಾಗ ದನಿಯನ್ನೂ ಕರೆದುಕೊಂಡು ಹೋಯಿತು. ನಾನು ಹೇಳುವ ತನಕ ಹಾಡಬೇಡ ಎಂದರು ಗುರು ಅಡವಯ್ಯನವರು. ಪದ ಎತ್ತುವ ಕೆಲಸ ಇನ್ನೊಬ್ಬನ ಪಾಲಾಯಿತು.

ಕೊಟ್ರಯ್ಯ ದಿನಾ ಬೆಳಗ್ಗೆ ಕದ್ದು ಹೊಳೆಯ ಕೆಳದಂಡೆಗೆ ಹೋಗಿ, ಹಳೆಯ ದನಿ ಬಂತೇ ಎಂದು ಕೂಗಿ ನೋಡುತ್ತಿದ್ದ. ಬಿದಿರು ಸೀಳಿದಂಥ ಸದ್ದು ಬರುತ್ತಿತ್ತು.

ಆಶ್ರಮದವರು ಅಲ್ಲಿನ ಕಲ್ಲಿನ ಮೇಲಿಡುತ್ತಿದ್ದ ಉಪ್ಪು ನೆಕ್ಕಲು ಒಂದು ಗಂಡು ಕಡವೆ ಬರುತ್ತಿತ್ತು. ಅದಕ್ಕೆ ಮನುಷ್ಯರ ಸಲಿಗೆ. ಈಗ ಅದರ ಕೊಂಬು ಬಿದ್ದುಹೋಗಿ, ಆ ಜಾಗದಲ್ಲಿ ಎರಡು ಬಾವು ಎದ್ದಿದ್ದವು. ಪಾಪ, ಇದಕ್ಕೂ ನನ್ನ ಗತಿಯೇ ಬಂತಲ್ಲ ಎಂದು ಕೊಟ್ರಯ್ಯ ಎಣ್ಣೆಯಲ್ಲಿ ಅರಿಸಿನ ಕಲಸಿ ತಂದು ಒತ್ತಿ ಹಚ್ಚಿದ. ಕಡವೆ ನೋವಿಗೆ ನೆಗೆದು ಪೊದೆ ಸೇರಿತು. ಮತ್ತೆ ಬರಲಿಲ್ಲ.

ಹತ್ತು ದಿನ ಕಾದ. ಆಮೇಲೆ ಬಟ್ಟೆಗಂಟು ಹಿಡಿದು ಗುರುವಿನ ಮುಂದೆ ನಿಂತ. ಹೊಳೆದಂಡೆಯಲ್ಲಿ ಆದದ್ದನ್ನೆಲ್ಲ ಹೇಳಿಕೊಂಡ.

"ಹಾಡೋಕೂ ಆಗದು, ಒಂದು ಮೂಕಪ್ರಾಣಿಯ ಹುಣ್ಣು ವಾಸಿ ಮಾಡೋಕೂ ಆಗದು. ಇಲ್ಲಿ ನನಗೇನು ಕೆಲಸ, ಬುದ್ಧಿ?"

"ಅದು ಹುಣ್ಣಲ್ಲ ಕೊಟ್ರಯ್ಯ, ಹೊಸ ಕೊಂಬು."

ಕೊಂಬು ಮೊದಮೊದಲು ಮೆತ್ತಗಿರುತ್ತದೆ, ಮೇಲೆ ಚರ್ಮ, ಒಳಗೆ ಬಿಸಿ ರಕ್ತ ಎಂದು ಗುರುಗಳು ತಿಳಿಸಿದರು. ಬಲಿತ ಮೇಲೆ ಕಡವೆ ಆ ಚರ್ಮವನ್ನು ಮರಕ್ಕೆ ಉಜ್ಜಿ ಕಳೆದುಕೊಳ್ಳುತ್ತದೆ. ಹೆಣ್ಣಿಗಾಗಿ ಇನ್ನೊಂದು ಗಂಡಿನ ಎದುರು ನಿಲ್ಲಲು ಅದಕ್ಕೆ ಕೊಂಬು ಬೇಕು. ಅಲ್ಲಿಯ ತನಕ ಜಗಳದ ಹತ್ತಿರ ಸುಳಿಯುವುದಿಲ್ಲ, ಒಂದು ಬಳ್ಳಿ ತಾಗುತ್ತದೆಂದರೂ ಪಕ್ಕಕ್ಕೆ ಸರಿಯುತ್ತದೆ.

"ಬಿದ್ದ ಕೊಂಬು ಏನಾಗುತ್ತೆ?"

"ಮುಳ್ಳುಹಂದಿ ಕಡಿದು ತಿನ್ನುತ್ತೆ."

"ಕಡವೆ ಅದನ್ನ ಹುಡುಕೋದಿಲ್ವಾ?"

"ದಿನಾ ಹೊಳೆದಂಡೆಗೆ ಹೋಗಿ ಹುಡುಕೋನು ನೀನೊಬ್ಬನೇ."

ಕೊಟ್ರಯ್ಯ ತಲೆ ತಗ್ಗಿಸಿದ. ಕಣ್ಣು ತುಂಬಿ ಬಂತು. ಗುರುಗಳು ಅವನ ಗಂಟು ಬಿಚ್ಚಿ, ಪಂಚೆಯನ್ನು ತಾವೇ ಹಗ್ಗದ ಮೇಲೆ ಹರವಿದರು.

ಮಳೆಗಾಲ ಪೂರ್ತಿ ಅವನು ದನಿ ಎತ್ತಲಿಲ್ಲ. ಕಲ್ಲಿನ ಮೇಲೆ ಉಪ್ಪು ಹಾಕಿ, ಹಿಂದಿರುಗಿ ನೋಡದೆ ಬರುತ್ತಿದ್ದ.

ದೀಪಾವಳಿ ಹತ್ತಿರವಾದಾಗ ಒಂದು ಬೆಳಗ್ಗೆ ಕಡವೆ ಕಂಡಿತು. ಮತ್ತಿಮರಕ್ಕೆ ತಲೆ ಉಜ್ಜುತ್ತಿತ್ತು. ಒಣಗಿದ ಚರ್ಮ ಚಿಂದಿ ಚಿಂದಿಯಾಗಿ ಜೋತಾಡುತ್ತಿತ್ತು, ಒಳಗಿಂದ ಕವಲೊಡೆದ ಕೊಂಬು ಹೊರಬಂದಿತ್ತು.

ಕೊಟ್ರಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. ಕಡವೆ ಕಾಡಿಗೆ ಇಳಿದದ್ದೇ ತಡ, ನಿಂತಲ್ಲಿಂದಲೇ ಗುರುಗಳನ್ನು ಕೂಗಿದ. ಆಮೇಲೆ ಆಶ್ರಮಕ್ಕೆ ಓಡಿದ.

ಅಡವಯ್ಯನವರು ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಕೊಂಬು ಬಂತು, ಬುದ್ಧಿ," ಎಂದ ಏದುಸಿರು ಬಿಡುತ್ತ.

"ನಿನ್ನ ಕೂಗು ಇಲ್ಲಿಗೇ ಕೇಳಿಸಿತು, ಕೊಟ್ರಯ್ಯ. ನಾಳೆ ಬೇಗ ಏಳು, ಪದ ಎತ್ತಬೇಕು."