ಡಿಸೆಂಬರಿನ ಬಿಸಿಲು

ಆಲ್ಪ್ಸ್ ಪರ್ವತಗಳ ನಡುವೆ, ಹೊಳೆಯ ದಂಡೆಯಲ್ಲಿ, ಇಟಾಲಿಯನ್ ಮಾತಾಡುವ ನೂರಿಪ್ಪತ್ತು ಜನರ ಒಂದು ಊರು. ಊರಿನ ಕಚೇರಿಗೆ ಓರ್ಸೋಲಾ ಒಬ್ಬಳೇ ಗುಮಾಸ್ತೆ. ಅಲ್ಲಿ ನವೆಂಬರಿನಲ್ಲಿ ಬೆಟ್ಟದ ಹಿಂದೆ ಹೋದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿಯಲ್ಲೇ. ಅವತ್ತು ಊರಿನವರೆಲ್ಲ ಮನೆಯ ಕುರ್ಚಿ ಹೊತ್ತು ತಂದು, ಚೌಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂರುತ್ತಾರೆ.

ಡಿಸೆಂಬರಿನಲ್ಲಿ ರಾಜಧಾನಿಯ ಸಾಹೇಬರಿಂದ ಪತ್ರ ಬಂತು. ಎಲ್ಲ ಊರುಗಳ ಪರಿಚಯ ಪುಸ್ತಕ ಅಚ್ಚಾಗಬೇಕಂತೆ. ಕಚೇರಿಯ ಮೇಲೆ ಬಿಸಿಲು ಬಿದ್ದಿರುವ ಫೋಟೋ ಬೇಕಂತೆ. ಹಳೆಯದು ನಡೆಯುವುದಿಲ್ಲವಂತೆ, ಈ ತಿಂಗಳೇ ತೆಗೆದದ್ದಾಗಬೇಕಂತೆ.

ಈಗ ಇಲ್ಲಿ ಬಿಸಿಲಿಲ್ಲ, ಎದುರಿಗೆ ಬೆಟ್ಟವಿದೆ ಎಂದು ಓರ್ಸೋಲಾ ಬರೆದಳು. "ನೆಪ ಬೇಡ, ಫೋಟೋ ಕಳಿಸಿ" ಎಂದು ಉತ್ತರ ಬಂತು. ಮತ್ತೆ ಬರೆದಳು. ಮತ್ತೆ ಅದೇ ಉತ್ತರ, ಈ ಸಲ ಕೆಂಪು ಮಸಿಯಲ್ಲಿ. ಅಯ್ಯೋ, ಇಷ್ಟು ದೊಡ್ಡ ಬೆಟ್ಟವನ್ನು ಒಬ್ಬ ಮನುಷ್ಯನಿಗೆ ಎಷ್ಟು ಸಲ ತೋರಿಸುವುದು!

ಮೂರನೆಯ ಸಲ ಅವಳು ವಾದಕ್ಕೆ ಹೋಗಲಿಲ್ಲ. ಒಂದು ಅರ್ಜಿ ಬರೆದಳು.

"ಮಾನ್ಯರೇ, ಬಿಸಿಲಿಗೆ ಅಡ್ಡವಾಗಿರುವ ಬೆಟ್ಟ ಸರ್ಕಾರದ ಆಸ್ತಿ. ದಯವಿಟ್ಟು ಗುರುವಾರದೊಳಗೆ ಪಕ್ಕಕ್ಕೆ ಸರಿಸಿಕೊಡಿ. ಶುಕ್ರವಾರ ಫೋಟೋ ತೆಗೆದು ಕಳಿಸುತ್ತೇನೆ."

ಗುರುವಾರ ಬೆಳಿಗ್ಗೆಯೇ ಫೋನು ಬಡಿದುಕೊಂಡಿತು.

"ತಲೆ ಕೆಟ್ಟಿದೆಯೇನಮ್ಮಾ? ಬೆಟ್ಟ ಸರಿಸೋಕಾಗುತ್ತಾ?" ಎಂದು ಸಾಹೇಬರು ಕಿರುಚಿದರು.

"ಆಗಲ್ವಾ ಸರ್?"

"ಆಗಲ್ಲ! ಯಾರಿಂದಲೂ ಆಗಲ್ಲ!"

"ಹಾಗಾದ್ರೆ ಅಷ್ಟನ್ನೇ ಒಂದು ಕಾಗದದಲ್ಲಿ ಬರೆದು, ಸೀಲು ಹಾಕಿ ಕಳಿಸಿಬಿಡಿ ಸರ್," ಎಂದಳು ಓರ್ಸೋಲಾ. "ಫೋಟೋ ಜಾಗದಲ್ಲಿ ಅಂಟಿಸ್ತೀನಿ."