ಭರಮ್ಯಾ ಒಯ್ದ ಕವಳಿ ಹಣ್ಣಿನ ಜೆಲ್ಲಿ

ಕೇಳ್ರಿ, ಬಾಳವ್ವ ಅಂತ ಒಬ್ಬಾಕಿ ಇದ್ಲು. ಆಕಿಗೊಬ್ಬ ಮಗ, ಭರಮ್ಯಾ. ಮೈ ಎತ್ತಿನಂಥಾದ್ದು, ತಲಿ ಖಾಲಿ. ಹೇಳಿದ್ದಷ್ಟ ಮಾಡಾಂವ, ಹೇಳಿದಂಗ ಮಾಡಾಂವ. ಅದಕ್ಕ ಬಾಳವ್ವಗ ದಿನಾ ತಲಿ ಕೆಡೂದು.

ಮಗಳು ಸಾವಂತ್ರಿನ್ನ ಬಾಜೂ ಊರಿಗೆ ಕೊಟ್ಟಿದ್ಲು. ಆಕಿ ಈಗ ಚೊಚ್ಚಲ ಬಸರಿ. ಮೈಯಾಗ ರಕ್ತ ಇಲ್ಲ ಅಂದಿದ್ಲು ನರ್ಸಬಾಯಿ, ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು. ಚೊಚ್ಚಲ ಹೆರಿಗಿ ತವರಮನ್ಯಾಗ ಆಗೂದು ಎಲ್ಲಾ ಕಡೆ ಇದ್ದದ್ದ. ಆದ್ರ ಆಕಿ ಅತ್ತಿ ಉಡಚವ್ವ, ಎಂಥಾ ಹೆಂಗಸ್ರೀ ಅಕಿ, ಮನಿ ಕೆಲಸಕ್ಕ ಯಾರದಾರ ಅಂತ ಸೊಸೀನ್ನ ಕಳಸಲೇ ಇಲ್ಲ. ಕರಿಯಾಕ ಹೋದ ಬಾಳವ್ವನ್ನ ಕಟ್ಟಿ ಮ್ಯಾಲಿಂದನ ಹೊಳ್ಳಿ ಕಳಿಸಿದ್ಲು. ಬಾಳವ್ವನ ಹೊಟ್ಟಿ ಉರದು ಹೋತು. ಆ ಕಟ್ಟಿ ಇನ್ನೊಮ್ಮೆ ಹತ್ತಂಗಿಲ್ಲ ಅಂತ ಆಣಿ ಮಾಡಿ ಬಂದ್ಲು.

ಮಗಳು ಬರದಿದ್ರ ತಿನ್ನಾಕರ ಮುಟ್ಟಲಿ ಅಂತ ಅಡವಿಯಿಂದ ಕವಳಿ ಹಣ್ಣು ತಂದು, ಕುದಿಸಿ, ಸೋಸಿ, ಆ ರಸಕ್ಕ ಬೆಲ್ಲಾ ಹಾಕಿ ಮತ್ತ ಕುದಿಸಿ ಜೆಲ್ಲಿ ಮಾಡಿದ್ಲು. ಕೆಂಪಗ, ಹುಳಿಸೀ. ಬಾಯಿ ಕೆಟ್ಟ ಬಸರಿಗೆ ಗಂಟಲಾಗ ಇಳಿಯೂದು ಅದೊಂದ. ಬಾಟ್ಲಿಗೆ ತುಂಬಿ ಮಗನ ಕೈಯಾಗ ಕೊಟ್ಟು, ಅಕ್ಕಗ ಒಯ್ದು ಕೊಡು, ರಕ್ತಕ್ಕ ಭಾಳ ಚಲೋ ಅಂದ್ಲು.

ಹಾದ್ಯಾಗ ಭರಮ್ಯಾ ಎಡವಿದ. ಹೆಬ್ಬೆರಳು ಒಡದು ರಕ್ತ ಬಂತು. ರಕ್ತಕ್ಕ ಚಲೋ ಅಂದಾಳಲ್ಲ ಅವ್ವ ಅಂತ ಬಾಟ್ಲಿ ಪೂರಾ ಕಾಲಿಗೆ ಬಳಕೊಂಡ. ಇರುವಿ ಮುತ್ತಿದ್ವು. ಕುಣಕೋತ ಮನಿಗೆ ಬಂದ.

"ಹುಚ್ಚಪ್ಯಾಲಿ, ಅದು ಹಚ್ಚೂದಲ್ಲೋ, ತಿನ್ನೂದು. ರೊಟ್ಟಿ ಜೋಡಿ ತಿನ್ನೂದು," ಅಂತ ಬೆನ್ನಿಗೆ ಗುದ್ದಿ, ಇನ್ನೊಂದು ಬಾಟ್ಲಿ ಕೊಟ್ಟು ಕಳಿಸಿದ್ಲು.

ಅಕ್ಕನ ಮನ್ಯಾಗ ಅವತ್ತ ಅನ್ನ ಮಾಡಿದ್ರು. ರೊಟ್ಟಿ ಇಲ್ಲಲ್ಲ, ಹೆಂಗ ಕೊಡ್ಲಿ ಅಂದ ಭರಮ್ಯಾ. ಒಂದ ಬೆರಳು ನೆಕ್ಕತೀನಿ ಕೊಡೋ ತಮ್ಮಾ ಅಂತ ಅಕ್ಕ ಕಣ್ಣಾಗ ನೀರು ತಂದ್ರೂ ಕೊಡಲಿಲ್ಲ. ಹೊಳ್ಳಿ ಬರೂ ಹಾದ್ಯಾಗ ಹೊಲದ ಆಳಗಳು ಬುತ್ತಿ ಬಿಚ್ಚಿದ್ರು. ರೊಟ್ಟಿ ಕಂಡದ್ದ ತಡ, ಎಲ್ಲಾರ ರೊಟ್ಟಿಗೂ ಹಚ್ಚಿ ಕೊಟ್ಟ. ಖಾಲಿ ಬಾಟ್ಲಿ ಅವ್ವನ ಮುಂದಿಟ್ಟು, ಅವರಿಗೆ ಭಾಳ ಸೇರ್ತವ್ವಾ ಅಂತ ಬ್ಯಾರೆ ಹೇಳಿದ.

ಬಾಳವ್ವನ ಸಿಟ್ಟು ನೆತ್ತಿಗೇರಿತು. ಕವಳಿ ಹಣ್ಣಿನ ಕಾಲ ಮುಗದಿತ್ತು, ಉಳದದ್ದು ಒಂದ ಬಾಟ್ಲಿ. ಮುಚ್ಚಳಾ ಬಿಗದು ಮಗನ ಕೈಯಾಗ ತುರುಕಿದ್ಲು.

"ನನ್ನ ಕಣ್ಣ ಹಿಂದ ಇದರ ಮುಚ್ಚಳಾ ತಗದೀ ಅಂದ್ರ ಕೈ ಮುರೀತೀನಿ. ಅಕ್ಕನ ಬಾಯಿಗೆ ಬೀಳಲಿಲ್ಲ ಅಂದ್ರ ಕಾಲು ಮುರೀತೀನಿ."

ಭರಮ್ಯಾ ಹಾದಿಗುಂಟ ವಿಚಾರ ಮಾಡಿದ. ಅಪರೂಪಕ್ಕ ಮಾಡಿದ ಅನ್ರಿ. ಮುಚ್ಚಳಾ ತಗದ್ರ ಅವ್ವನ ಮುಂದ ತಗೀಬೇಕು, ತಿನ್ನೂದು ಅಕ್ಕನ ಬಾಯಿಗೇ ಬೀಳಬೇಕು. ಅವ್ವ ಇಲ್ಲಿ, ಅಕ್ಕ ಅಲ್ಲಿ. ಹೋದಾಂವನ, ಬಾವಿ ಕಟ್ಟಿ ಮ್ಯಾಲೆ ನೀರು ಸೇದಾಕತ್ತಿದ್ದ ಅಕ್ಕನ್ನ ಕೂಸಿನಂಗ ಎರಡೂ ಕೈಯಾಗ ಎತ್ತಿ, ಬಾಟ್ಲಿ ಆಕಿ ಉಡ್ಯಾಗಿಟ್ಟು, ಹೊಂಟ ಬಿಟ್ಟ. ಉಡಚವ್ವ ಬೈಕೋತ ಬೆನ್ನ ಹತ್ತಿದ್ಲು.

ಮನಿಗೆ ತಂದು ಇಳಿಸಿದ ಮಗಳನ್ನ ಬಾಳವ್ವ ನೋಡಿದ್ಲು. ತುಟಿ ಬೆಳ್ಳಗಾಗಿದ್ವು, ಕೈ ಬರೇ ಎಲುಬು. ಮಗನಿಗಂತ ಎತ್ತಿದ ಕಸಬರಗಿ ಉಡಚವ್ವನ ಕಡೆ ತಿರಗಿತು.

"ದುಡಿಸಿ ಕೊಲ್ಲಾಕ ಕೊಟ್ಟಿಲ್ಲ ನನ್ನ ಮಗಳನ್ನ!"

ಉಡಚವ್ವ ಬಿಡಾಕಿ ಅಲ್ಲ. ಒಳಗ ನುಗ್ಗಿ ಸೊಸಿ ರಟ್ಟಿ ಹಿಡದು ಜಗ್ಗಿದ್ಲು, ನಡಿ ಮನಿಗೆ ಅಂತ.

"ಭರಮ್ಯಾ, ಬಾಗಲಾ ಹಾಕು," ಅಂದ್ಲು ಬಾಳವ್ವ. "ಹೆರಿಗಿ ಆಗೂ ತನಕ ಈ ಹೊಸ್ತಿಲಾ ದಾಟಿ ಯಾರೂ ಹೊರಗ ಹೋಗಬಾರದು."

ಭರಮ್ಯಾ ಬಾಗಲಾ ಹಾಕಿ, ಅಗಳಿ ಜಡದು, ಬಡಿಗಿ ಹಿಡದು ಅಡ್ಡ ಕುಂತ. ಬಾಳವ್ವ ಮುಚ್ಚಳಾ ತಗದ್ಲು. ಸಾವಂತ್ರಿ ಬೆರಳು ನೆಕ್ಕಿ ನೆಕ್ಕಿ ತಿಂದ್ಲು, ತಿಂದದ್ದು ಹೊಟ್ಟ್ಯಾಗ ನಿಂತಿತು.

ಸಂಜಿಗೆ ಉಡಚವ್ವ ಸೊಸಿ ಆಸೆ ಬಿಟ್ಟು ತಾನೊಬ್ಬಾಕಿನ ಮನಿಗೆ ಹೊಂಟ್ಲು. ಭರಮ್ಯಾ ಬಡಿಗಿ ಅಡ್ಡ ಹಿಡದ.

"ಹೆರಿಗಿ ಆಗಲಿ, ಅತ್ತಿ."

ಬೈದ್ಲು, ಗುದ್ದಿದ್ಲು, ಕಡೀಕ ಕೈ ಮುಗದ್ಲು. ಹೆರಿಗಿ ಆಗಲಿ ಅಂದ, ಜಗ್ಗಲಿಲ್ಲ. ಮಗನ್ನ ಬೈಯಾಕ ಬಾಯಿ ತಗದ ಬಾಳವ್ವ ಹಂಗ ಮುಚ್ಚಿದ್ಲು. ಜ್ವಾಳದ ಹಿಟ್ಟಿನ ಬುಟ್ಟಿ ತಂದು ಉಡಚವ್ವನ ಮುಂದಿಟ್ಟು, ಒಲಿ ಕಡೆ ಕೈ ಮಾಡಿ ತೋರಿಸಿದ್ಲು.